ಕಾಲರೊಂದೇ ಕುಗ್ಗುವುದಿಲ್ಲ

ಅಂಗಡಿಯ ಕತ್ತರಿ ಮೇಜಿನಿಂದ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ, ಇಲ್ಲ ಡ್ರೈವರ್ ಸೀಟಿಗೆ ಇನ್ನೊಂದು ದಿಂಬು ಏರಿಸಿ ಅದನ್ನೇ ಔಷಧಿ ಅಂತ ನಂಬಿಕೊಂಡಿದ್ದೀಯಾ? ನಿನ್ನ ಹೆಂಡತಿಯ ಕೆಮ್ಮು ಹೇಗಿದೆ? ಪುಟ್ಟಿಗೆ ಮುಂದಿನ ಹಲ್ಲು ಬಂತೇ? ಬಂದಿದ್ದರೆ ಒಂದು ಫೋಟೋ ಕಳಿಸು, ಬರದಿದ್ದರೆ ಎರಡು ಕಳಿಸು. ಆ ಬೊಚ್ಚು ನಗು ಇನ್ನೆಷ್ಟು ದಿನ ಸಿಗುತ್ತದೆ ಹೇಳು. ನಾವಿಲ್ಲಿ ಚೆನ್ನಾಗಿದ್ದೇವೆ. ಈ ಮಾತನ್ನು ಪ್ರತಿ ಸಲವೂ ಅಭ್ಯಾಸಬಲದಿಂದ ಹೇಳುತ್ತಿದ್ದೆ. ಈ ಸಲ ನಿಜವಾಗಿಯೂ ಚೆನ್ನಾಗಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುವ ಹುಮ್ಮಸ್ಸು ಬಂದಿದೆ.

ಫೋನಿರುವಾಗ ಅಕ್ಕನಿಗೇಕೆ ಕಾಗದದ ಹುಚ್ಚು ಅಂತ ನಗಬೇಡ. ಫೋನಿನಲ್ಲಿ ನಿದ್ದೆಯ ಮಾತು ಎತ್ತಿದ ತಕ್ಷಣ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ, "ಹಲೋ, ಹಲೋ, ಕೇಳಿಸ್ತಿಲ್ಲ ಅಕ್ಕಾ" ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ನೀನು ಓದದೆ ಮಡಿಸಿಟ್ಟರೂ ನಿನ್ನ ಹೆಂಡತಿ ಓದುತ್ತಾಳೆ, ಅವಳ ಮೇಲೆ ನನಗೆ ಭರವಸೆ ಇದೆ. ನೀನು ಕಳಿಸಿದ ಎರಡೂ ಯೂನಿಫಾರ್ಮ್ ಅಂಗಿಗಳು ಬಂದು ತಲುಪಿದವು. "ಒಗೆದೂ ಒಗೆದೂ ಕಾಲರ್ ಕುಗ್ಗಿ ಹೋಗಿದೆ ಅಕ್ಕಾ, ಮೇಲಿನ ಗುಂಡಿ ಹಾಕಿದ್ರೆ ಕಣ್ಣು ಹೊರಗೆ ಬರತ್ತೆ, ರಜೆ ಮುಗಿಯೋದ್ರೊಳಗೆ ಸಡಿಲ ಮಾಡಿ ಕಳಿಸು" ಅಂದಿದ್ದೆಯಲ್ಲ, ನೆನಪಿದೆ. ಅಂಗಿಯ ಮಾತು ಆಮೇಲೆ. ಕಾಗದದ ಜೊತೆಗಿರುವ ಪೊಟ್ಟಣವನ್ನೂ ಆಮೇಲೆಯೇ ಬಿಚ್ಚು. ನನಗೆ ಬೇಕಾಗಿರುವುದೇನು ಅಂತ ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ. ನೀನು ಮತ್ತೆ ಬಸ್ಸಿನ ಸ್ಟೀರಿಂಗ್ ಮುಟ್ಟುವ ಮುಂಚೆ ನಿನ್ನ ನಿದ್ದೆಯನ್ನು ಡಾಕ್ಟರಿಗೆ ತೋರಿಸಬೇಕು. ಈಗ ಮುಖ ಊದಿಸಿಕೊಳ್ಳದೆ ನನ್ನ ಕಥೆ ಕೇಳು.

ಹೋದ ವರ್ಷವಿಡೀ ಬೆಳಗ್ಗೆ ಎದ್ದರೆ ನನಗೆ ತಲೆ ಸಿಡಿಯುತ್ತಿತ್ತು. ವಯಸ್ಸಾಯಿತು ಅಂದುಕೊಂಡೆ. ಕನ್ನಡಕ ಬದಲಾಯಿಸಿದೆ. ರಾತ್ರಿಯೆಲ್ಲ ಮಲಗಿಯೂ ಮೈ ಎನ್ನುವುದು ಹಿಂಡಿ ಹಾಕಿದ ಬಟ್ಟೆಯ ಹಾಗಿರುತ್ತಿತ್ತು. ಊಟವಾಗಿ ಮಷೀನಿನ ಮುಂದೆ ಕೂತರೆ ಪೆಡಲ್ ತುಳಿಯುತ್ತಲೇ ತೂಕಡಿಸುತ್ತಿದ್ದೆ. ಗೊರಕೆಯ ಸಂಗತಿ ನಿನಗೆ ಹೊಸದಲ್ಲ, ಚಿಕ್ಕಂದಿನಲ್ಲಿ ಒಂದೇ ಕೋಣೆಯಲ್ಲಿ ಮಲಗಿ ಇಬ್ಬರೂ ಜುಗಲ್‌ಬಂದಿ ನಡೆಸಿದವರೇ ತಾನೆ. ನಿನ್ನ ಭಾವ ಹಾಸಿಗೆ ಸುತ್ತಿಕೊಂಡು ಹಾಲಿಗೆ ವಲಸೆ ಹೋಗಿ ಎಷ್ಟೋ ಕಾಲವಾಗಿತ್ತು. ಗಂಡಸರು ಗೊರಕೆ ಹೊಡೆದರೆ ಸುಸ್ತಾಗಿದೆ ಪಾಪ ಅನ್ನುತ್ತಾರೆ, ಹೆಂಗಸರು ಹೊಡೆದರೆ ನಗುತ್ತಾರೆ. ಹಾಗಾಗಿ ಅದನ್ನು ಒಂದು ಕಾಯಿಲೆ ಅಂತ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ನನ್ನನ್ನು ಆಸ್ಪತ್ರೆಗೆ ಅಟ್ಟಿದ್ದು ಪ್ರಿನ್ಸಿಪಾಲರ ಕೋಟು. ನಮ್ಮ ಬೀದಿಯ ಕಾಲೇಜಿನವರು, ನಿವೃತ್ತಿಯ ಸಮಾರಂಭಕ್ಕೆ ಅಂತ ಒಳ್ಳೆಯ ಉಣ್ಣೆ ಬಟ್ಟೆ ತಂದುಕೊಟ್ಟಿದ್ದರು. ತೋಳು ಕತ್ತರಿಸುವುದು ನಿನಗೆ ಗೊತ್ತಲ್ಲ, ಕಾಗದದ ಅಚ್ಚನ್ನು ಬಟ್ಟೆಯ ಮೇಲಿಟ್ಟು ಒಂದು ತೋಳು ಕತ್ತರಿಸಿದ ಮೇಲೆ ಅಚ್ಚನ್ನು ಮಗುಚಿ ಇನ್ನೊಂದನ್ನು ಕತ್ತರಿಸಬೇಕು. ಮಗುಚಲು ಮರೆತರೆ ಎರಡೂ ಎಡಗೈಯ ತೋಳಾಗುತ್ತವೆ. ಹೊಲಿಗೆ ಕಲಿಯಲು ಬಂದವರು ಮೊದಲ ವಾರ ಮಾಡುವ ತಪ್ಪು ಅದು. ನಾನು ಮಾಡಿದೆ! ಮಾಡಿದ್ದು ಗೊತ್ತೂ ಆಗದೆ ಕಚ್ಚಾ ಹೊಲಿಗೆ ಹಾಕಿ ಟ್ರಯಲ್‌ಗೆ ಕರೆದೆ. ಕೋಟು ತೊಟ್ಟ ಪ್ರಿನ್ಸಿಪಾಲರ ಬಲಗೈ ಯಾರೋ ಹಿಂದಿನಿಂದ ತಿರುಚಿ ಹಿಡಿದ ಹಾಗೆ ನಿಂತಿತು. ಬಹಳ ಸಭ್ಯಸ್ಥರು, ಕನ್ನಡಿಯಲ್ಲಿ ಒಂದು ಗಳಿಗೆ ನೋಡಿಕೊಂಡು, "ಪರವಾಗಿಲ್ಲ ಬಿಡಿ, ಕೈ ಹಿಂದೆ ಕಟ್ಟಿಕೊಂಡೇ ಭಾಷಣ ಮಾಡ್ತೀನಿ" ಅಂದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಕೋಟು ಬಿಚ್ಚಿಸಿಕೊಂಡು, ಅಂಗಡಿಯ ಬಾಗಿಲೆಳೆದು, ಆವತ್ತೇ ಆಸ್ಪತ್ರೆಗೆ ಹೊರಟೆ.

ನಿನ್ನ ಭಾವನೂ ಜೊತೆಗೆ ಬಂದರು. ಡಾಕ್ಟರು ನನ್ನನ್ನು ಒಂದು ಪ್ರಶ್ನೆ ಕೇಳಿದರೆ ಇವರು ಮೂರಕ್ಕೆ ಉತ್ತರ ಕೊಡುತ್ತಿದ್ದರು. ಕೊನೆಗೆ, "ಇವಳು ಗೊರಕೆ ಹೊಡೆದ್ರೆ ನನ್ನ ನಿದ್ದೆ ಹೋಗತ್ತೆ ಡಾಕ್ಟ್ರೇ, ನಿಲ್ಲಿಸಿದ್ರೆ ನನ್ನ ಜೀವ ಹೋಗತ್ತೆ" ಅಂದರು. ಏನು ಹಾಗೆಂದರೆ ಅಂತ ಡಾಕ್ಟರು ಬಿಡಿಸಿ ಕೇಳಿದಾಗ ಗೊತ್ತಾಯಿತು, ನನ್ನ ಉಸಿರು ನಡುನಡುವೆ ನಿಂತೇ ಹೋಗುತ್ತಿತ್ತಂತೆ. ಗೊರಕೆಯ ಸದ್ದು ಥಟ್ಟನೆ ಅಡಗಿದಾಗಲೆಲ್ಲ ಇವರು ಹಾಲಿನಿಂದ ಎದ್ದು ಬಂದು ನನ್ನ ಮೂಗಿನ ಹತ್ತಿರ ಕೈ ಹಿಡಿದು ನಿಲ್ಲುತ್ತಿದ್ದರಂತೆ. ನಾನು ಗಕ್ಕನೆ ಉಸಿರೆಳೆದ ಮೇಲೆ ಹೋಗಿ ಮಲಗುತ್ತಿದ್ದರಂತೆ. ಸದ್ದು ತಾಳಲಾರದೆ ಹಾಲಿಗೆ ಓಡಿಹೋದ ಮನುಷ್ಯ ಅಂತ ನಾನು ಊರೆಲ್ಲ ಆಡಿಕೊಂಡಿದ್ದೆ. ಇದನ್ನು ಕೇಳಿದ ಮೇಲೆ ಡಾಕ್ಟರ ಉಳಿದ ಪ್ರಶ್ನೆಗಳಿಗೂ ಇವರೇ ಉತ್ತರ ಹೇಳಲಿ ಅಂತ ಬಿಟ್ಟೆ.

ಆಮೇಲೆ ಡಾಕ್ಟರು ನನ್ನ ಕುತ್ತಿಗೆಯ ಅಳತೆ ತೆಗೆಯಬೇಕು ಅಂದರು. ಅವರ ಟೇಪು ಎಲ್ಲೋ ಕೈಗೆ ಸಿಗಲಿಲ್ಲ. ನಾನು ಅಂಗಡಿಯಿಂದ ನೆಟ್ಟಗೆ ಬಂದವಳು, ನನ್ನ ಟೇಪು ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಅದನ್ನೇ ಇಸಿದುಕೊಂಡು ಅಳೆದರು. ಹುಟ್ಟಿದಾರಭ್ಯ ಊರವರ ಕುತ್ತಿಗೆಗೆ ಟೇಪು ಹಾಕಿದ ನನಗೆ ಆ ಅಳತೆಯಿಂದ ಅಂಗಿಯಲ್ಲದೆ ಬೇರೇನಾದರೂ ತಿಳಿಯುತ್ತದೆ ಅಂತ ಕನಸಿನಲ್ಲೂ ಹೊಳೆದಿರಲಿಲ್ಲ. "ಕುತ್ತಿಗೆ ದಪ್ಪ ಇರೋರಿಗೆಲ್ಲ ಈ ಕಾಯಿಲೆ ಇರತ್ತೆ ಅಂತಲ್ಲ, ತೆಳ್ಳಗಿರೋರಿಗೆ ಬರಲ್ಲ ಅಂತಲೂ ಇಲ್ಲ. ಆದ್ರೆ ಗೊರಕೆ ಇದ್ದು, ಹಗಲು ತೂಕಡಿಕೆ ಇದ್ದು, ಕುತ್ತಿಗೆ ಅಳತೆ ಏರ್ತಾ ಹೋದ್ರೆ ಸುಮ್ಮನೆ ಕೂರಬಾರದು" ಅಂದರು. ಈ ಮಾತನ್ನು ನೀನೂ ಸ್ವಲ್ಪ ನೆನಪಿಟ್ಟುಕೋ.

ಒಂದು ರಾತ್ರಿ ಮೈಗೆಲ್ಲ ತಂತಿ ಅಂಟಿಸಿ ಮಲಗಿಸಿ ನನ್ನ ನಿದ್ದೆಯನ್ನು ಪರೀಕ್ಷೆ ಮಾಡಿದರು. ಕಾಯಿಲೆಯ ಹೆಸರು ಸ್ಲೀಪ್ ಆಪ್ನಿಯಾ. ಕೋಟಿನ ತೋಳಿನೊಳಗೆ ಲೈನಿಂಗ್ ಬಿಚ್ಚಿಕೊಂಡು ಕುಸಿದರೆ ಕೈ ತೂರುವುದಿಲ್ಲ ನೋಡು, ಹಾಗೆ ನಿದ್ದೆಯಲ್ಲಿ ಗಂಟಲಿನ ಒಳಗೋಡೆ ಸಡಿಲವಾಗಿ ಕುಸಿದು ಉಸಿರಿನ ದಾರಿ ಮುಚ್ಚುತ್ತದೆ. ಉಸಿರು ಸಿಗದೆ ಮೆದುಳು ಗಾಬರಿಯಾಗಿ ನಮ್ಮನ್ನು ಅರೆಬರೆ ಎಬ್ಬಿಸುತ್ತದೆ, ಎರಡು ಉಸಿರೆಳೆದು ಮತ್ತೆ ಮಲಗುತ್ತೇವೆ, ಮತ್ತೆ ಮುಚ್ಚುತ್ತದೆ. ರಾತ್ರಿಯಿಡೀ ಇದೇ ಹಣೆಬರಹ. ಬೆಳಗ್ಗೆ ನಮಗೆ ಒಂದೂ ನೆನಪಿರುವುದಿಲ್ಲ, ಚೆನ್ನಾಗಿ ನಿದ್ದೆ ಮಾಡಿದೆ ಅಂತ ಆಣೆ ಇಟ್ಟು ಹೇಳುತ್ತೇವೆ. ನೀನು ಹೇಳುವುದೂ ಹಾಗೆಯೇ.

ಇದಕ್ಕೆ ಕೊಟ್ಟಿದ್ದು ಗಾಳಿ ಮಷೀನು. ಬ್ರೆಡ್ಡಿನ ಡಬ್ಬದಷ್ಟು ದೊಡ್ಡದು, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗಿನ ಮೇಲೆ ಕೂರುವ ಮಾಸ್ಕು, ತಲೆಯ ಹಿಂದಕ್ಕೆ ಪಟ್ಟಿ. ಹದವಾದ ಒತ್ತಡದಲ್ಲಿ ಗಾಳಿ ಒಳಗೆ ಹೋಗಿ ಆ ಕುಸಿಯುವ ದಾರಿಯನ್ನು ತೆರೆದಿಡುತ್ತದೆ, ಅಷ್ಟೇ ಅದರ ಕೆಲಸ. ಮೊದಲ ರಾತ್ರಿ ಹಾಕಿಕೊಂಡು ಕೋಣೆಯಿಂದ ಹೊರಗೆ ಬಂದಾಗ ನಿನ್ನ ಭಾವ ಎದ್ದು ನಿಂತು ಸೆಲ್ಯೂಟ್ ಹೊಡೆದು, "ಕ್ಯಾಪ್ಟನ್, ವಿಮಾನ ಎಷ್ಟು ಹೊತ್ತಿಗೆ ಹೊರಡತ್ತೆ?" ಅಂದರು. ಕೈಗೆ ಸಿಕ್ಕಿದ್ದರೆ ಅವರನ್ನೂ ಕೊಳವೆಯನ್ನೂ ಒಟ್ಟಿಗೆ ಗಂಟು ಹಾಕುತ್ತಿದ್ದೆ. ಮಲಗಿದರೆ ಮಾಸ್ಕಿನ ಅಂಚಿನಿಂದ ಗಾಳಿ ಪುಸಪುಸ ಅಂತ ಕಣ್ಣಿಗೆ ನುಗ್ಗುತ್ತಿತ್ತು.

ಈಗ ಕೇಳು ನಿನ್ನ ಅಕ್ಕನ ಜಾಣತನ. ಗಾಳಿ ಸೋರುತ್ತಿದೆ ಅಂದರೆ ಪಟ್ಟಿ ಸಡಿಲ ಅಂತ ತೀರ್ಮಾನಿಸಿದೆ. ಅಳತೆಯ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳಿಕೊಡಬೇಕೇ? ಕನ್ನಡಿಯ ಮುಂದೆ ನೆಟ್ಟಗೆ ಕೂತು, ಪಟ್ಟಿಗೆ ಪಿನ್ನು ಚುಚ್ಚಿ ಗುರುತು ಮಾಡಿ, ಅಂಗಡಿಗೆ ತಂದು ಎರಡೂ ಕಡೆ ಒಳಕ್ಕೆ ಮಡಿಸಿ ಗಟ್ಟಿಯಾಗಿ ಹೊಲಿದುಬಿಟ್ಟೆ. ಹೊಲಿಗೆ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ನಾಜೂಕು. ಆ ರಾತ್ರಿ ಗಾಳಿ ಮೊದಲಿಗಿಂತ ಹೆಚ್ಚು ಸೋರಿತು. ಬೆಳಗ್ಗೆ ನನ್ನ ಕೆನ್ನೆಯ ಮೇಲೆ ಎತ್ತಿನ ಬಂಡಿ ಹೋದ ಹಾಗೆ ಕೆಂಪು ಗೆರೆಗಳು. ಮತ್ತಷ್ಟು ಬಿಗಿ ಮಾಡಿದೆ, ಮತ್ತಷ್ಟು ಸೋರಿತು. ಹಟ ಬಂದು ಎಲ್ಲವನ್ನೂ ಸುತ್ತಿ ಕಪಾಟಿನ ಮೇಲಕ್ಕೆ ಎಸೆದೆ. ಇದು ನನ್ನ ಮುಖಕ್ಕೆ ಒಗ್ಗುವುದಿಲ್ಲ, ಕಾಯಿಲೆಯೇ ವಾಸಿ ಅಂತ ನಿನ್ನ ಭಾವನ ಮುಂದೆ ಘೋಷಣೆ ಮಾಡಿದೆ. ಅವರು ನಗಲಿಲ್ಲ. ಹಾಲಿಗೆ ಹೋಗಿ ಎಂದಿನಂತೆ ಹಾಸಿಗೆ ಬಿಡಿಸಿದರು.

ಆ ಮಷೀನು ನೋಡಲು ಸಾಧುವಿನಂತಿದ್ದರೂ ಒಳ್ಳೆ ಚಾಡಿಕೋರ. ಬಳಸುತ್ತಿದ್ದೇವೋ ಇಲ್ಲವೋ ಅಂತ ಆಸ್ಪತ್ರೆಗೆ ತಾನೇ ತಿಳಿಸುತ್ತದಂತೆ. ಮಾಸ್ಕು ಕೂರಿಸಿಕೊಡುವ ಹುಡುಗಿಯೊಬ್ಬಳಿದ್ದಾಳೆ ಅಲ್ಲಿ, ನಾನವಳನ್ನು ಮಾಸ್ಕ್ ಮೇಡಂ ಅಂತಲೇ ಕರೆಯುವುದು. ಅವಳು ಫೋನ್ ಮಾಡಿ, "ಅಮ್ಮಾ, ಬೈಯಲ್ಲ, ಬನ್ನಿ" ಅಂದಳು. ಹೋದೆ. ನನ್ನ ಹೊಲಿಗೆ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿ ಹಾಳು ಮಾಡಿದೀರ!" ಅಂತ ನಕ್ಕಳು, ನನಗೂ ನಗು ಬಂತು. ಹೊಸ ಪಟ್ಟಿ ಹಾಕಿ ನನ್ನನ್ನು ಮಂಚದ ಮೇಲೆ ಮಲಗಿಸಿದಳು. ಕೂತಾಗ ಮುಖ ಒಂದು ಥರ ಇರುತ್ತದೆ, ಮಲಗಿದರೆ ಕೆನ್ನೆ ಜಾರಿ ಬೇರೆ ಥರ ಆಗುತ್ತದೆ. ಮಲಗಿಯೇ, ಮಷೀನು ಚಾಲೂ ಮಾಡಿಯೇ, ಮಗ್ಗುಲು ಬದಲಾಯಿಸಿಯೇ ಮಾಸ್ಕು ಸರಿಮಾಡಬೇಕು. ಅದರ ಅಂಚು ಮೆತ್ತನೆಯದು, ಗಾಳಿ ತುಂಬಿಕೊಂಡು ತಾನಾಗಿ ಮುಖಕ್ಕೆ ಕೂರುತ್ತದೆ. ಬಿಗಿದು ಕಟ್ಟಿದರೆ ಅದು ಸುಕ್ಕಾಗಿ ಸೋರುತ್ತದೆ. ನಾನು ಬೆಪ್ಪಾದೆ. ಬಟ್ಟೆ ಮೈಗೆ ಅಂಟಬಾರದು, ಮೈಮೇಲೆ ಕೂರಬೇಕು ಅಂತ ಗಿರಾಕಿಗಳಿಗೆ ಪಾಠ ಹೇಳುವವಳು ನಾನು. ಟ್ರಯಲ್ ನೋಡುವಾಗ ಕೂರಿ, ಬಗ್ಗಿ, ಕೈ ಎತ್ತಿ ಅಂತ ಅವರನ್ನು ಕುಣಿಸುವವಳೂ ನಾನೇ. ನನ್ನ ಮುಖದ ಸರದಿ ಬಂದಾಗ ಎಲ್ಲ ಮರೆತಿದ್ದೆ.

ಅವಳು ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟಳು. ರಾತ್ರಿಯೇ ಯುದ್ಧಕ್ಕಿಳಿಯಬೇಡಿ, ಹಗಲು ಎಚ್ಚರವಾಗಿರುವಾಗ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ಕೈಗೆ ಏನಾದರೂ ಕೆಲಸ ಕೊಡಿ, ಮುಖ ಅದನ್ನು ಮರೆಯುತ್ತದೆ ಅಂದಳು. ಸರಿ, ಮಷೀನನ್ನು ಅಂಗಡಿಗೇ ತಂದೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಮಾಸ್ಕು ತೊಟ್ಟು ಹೆಮ್ಮಿಂಗ್ ಮಾಡುತ್ತಾ ಕೂತೆ. ಎದುರು ಬೀದಿಯ ಬ್ಯಾಂಕಿನ ಕ್ಯಾಶಿಯರು ಪ್ಯಾಂಟು ಇಸಿದುಕೊಳ್ಳಲು ಬಂದವರು ಬಾಗಿಲಲ್ಲೇ ನಿಂತು, ನಾಳೆ ಬರುತ್ತೇನೆ ಅಂತ ತಿರುಗಿಯೂ ನೋಡದೆ ಹೋದರು. ಮರುದಿನ ಧೈರ್ಯ ತಂದುಕೊಂಡು ಬಂದು, "ನನ್ನ ಹೆಂಡತಿನೂ ನಾನು ಉಸಿರು ನಿಲ್ಲಿಸ್ತೀನಿ ಅಂತಾಳೆ, ಆ ಡಾಕ್ಟರ ವಿಳಾಸ ಕೊಡ್ತೀರಾ?" ಅಂತ ಕೇಳಿದರು. ಹೀಗೆ ಕೂತೂ ಕೂತೂ ಆ ಪುಸಪುಸ ನನಗೆ ಫ್ಯಾನಿನ ಸದ್ದಿನಷ್ಟೇ ಮಾಮೂಲಾಯಿತು. ಮೂಗು ಒಣಗುತ್ತದೆ ಅಂದಾಗ ಮಷೀನಿನ ನೀರಿನ ಡಬ್ಬಿಯನ್ನು ಹೇಗೆ ಬಳಸಬೇಕು ಅಂತ ತೋರಿಸಿದಳು. ಮಲಗಿದ ತಕ್ಷಣ ಗಾಳಿ ಜೋರಾಗದೆ ಮೆಲ್ಲಗೆ ಏರುವ ಹಾಗೆ ಮಾಡಿಕೊಟ್ಟಳು. ಮಾಸ್ಕನ್ನು ದಿನಾ ಬೆಳಗ್ಗೆ ಸೋಪಿನ ನೀರಿನಲ್ಲಿ ತೊಳೆದು ನೆರಳಿಗೆ ಒಣಹಾಕುತ್ತೇನೆ. ನನ್ನ ಮುಖದ್ದೇ ಒಂದು ಒಳಬಟ್ಟೆ ಅಂದುಕೊಂಡುಬಿಟ್ಟಿದ್ದೇನೆ, ಮುಗಿಯಿತು.

ಒಂದು ದಿನ ಬೆಳಗ್ಗೆ ಎಚ್ಚರವಾದಾಗ ಏನೋ ಕಾಣೆಯಾಗಿದೆ ಅನ್ನಿಸಿತು. ಎದ್ದು ಮುಖ ತೊಳೆದು, ಹಾಲು ಕಾಯಿಸಿ, ಕಿಟಕಿ ತೆರೆದ ಮೇಲೆ ಹೊಳೆಯಿತು, ತಲೆನೋವು ಇರಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ ಕಣೋ. ಇಷ್ಟು ದಿನ ನಾನು ಸೋಮಾರಿಯಾದೆ, ಮುದುಕಿಯಾದೆ, ಕೈ ಹಾಳಾಯಿತು ಅಂತ ನನ್ನನ್ನೇ ನಾನು ಬೈದುಕೊಂಡಿದ್ದೆನಲ್ಲ, ಅದಕ್ಕೆ ಅಳು ಬಂತು. ಆವತ್ತೇ ಪ್ರಿನ್ಸಿಪಾಲರ ಕೋಟಿಗೆ ಅದೇ ಬಣ್ಣದ ಬಟ್ಟೆ ಹುಡುಕಿ ತಂದು ಬಲಗೈ ತೋಳು ಕತ್ತರಿಸಿದೆ. ಅವರು ಸಮಾರಂಭದಲ್ಲಿ ಎರಡೂ ಕೈ ಬೀಸಿ ಬೀಸಿ ಮಾತಾಡಿದರಂತೆ. ನಿನ್ನ ಭಾವನ ಹಾಸಿಗೆ ಕೋಣೆಗೆ ವಾಪಸ್ಸು ಬಂದಿದೆ. ಮೊದಲ ರಾತ್ರಿ ಅವರಿಗೇ ನಿದ್ದೆ ಬರಲಿಲ್ಲ, "ಇಷ್ಟು ನಿಶ್ಶಬ್ದ ಇದ್ರೆ ಹೆದರಿಕೆ ಆಗತ್ತೆ" ಅಂತ ಮಗ್ಗುಲು ಬದಲಾಯಿಸುತ್ತಿದ್ದರು. ಈಗ ಇಬ್ಬರಿಗೂ ಅಭ್ಯಾಸವಾಗಿದೆ.

ಇಷ್ಟೆಲ್ಲ ಬರೆದದ್ದು ನನ್ನ ಶೌರ್ಯ ಹೊಗಳಿಕೊಳ್ಳಲು ಅಲ್ಲ, ಸ್ವಲ್ಪ ಅದೂ ಹೌದು ಅನ್ನು. ಹೋದ ಸಲ ನೀನು ಬಂದಾಗ ಊಟಕ್ಕೆ ಕೂತು ಒಂದು ಕಥೆ ಹೇಳಿದೆ. "ಸಿಗ್ನಲ್‌ನಲ್ಲಿ ಬಸ್ ನಿಲ್ಸಿ ಒಂದು ಸಣ್ಣ ನಿದ್ದೆ ಹೊಡ್ದೆ ಅಕ್ಕಾ, ಹಸಿರು ಬಂದಿದ್ದೂ ಗೊತ್ತಿಲ್ಲ, ಹಿಂದಿನೋರೆಲ್ಲ ಹಾರ್ನ್ ಹೊಡ್ದು ಎಬ್ಬಿಸಿದ್ರು!" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪುಟ್ಟಿ ಹಾರ್ನಿನ ಸದ್ದು ಮಾಡಿ ಕುಣಿದಳು. ಡಾಕ್ಟರು ನನಗೆ ನನ್ನ ಕಾಯಿಲೆಯನ್ನು ವಿವರಿಸುತ್ತಿದ್ದಾಗ ಆ ಊಟದ ಮೇಜು ಕಣ್ಮುಂದೆ ಬಂತು. ನನಗೆ ತೂಕಡಿಕೆ ಬಂದರೆ ಒಂದು ಕೋಟು ಕೆಡುತ್ತದೆ, ಬಿಚ್ಚಿ ಮತ್ತೆ ಹೊಲಿಯಬಹುದು. ನಿನ್ನ ಬೆನ್ನ ಹಿಂದೆ ಬಸ್ಸಿನ ತುಂಬ ಜನ ನಿನ್ನನ್ನು ನಂಬಿ ಕಣ್ಣು ಮುಚ್ಚಿರುತ್ತಾರೆ. ನೀನು ನಿದ್ದೆ ಮಾಡಿದ್ದು ಬಸ್ಸು ನಿಂತಿದ್ದಾಗ, ಅದು ನಮ್ಮ ಪುಣ್ಯ. ಆ ಪುಣ್ಯವನ್ನು ನಂಬಿಕೊಂಡು ಇನ್ನೊಂದು ಟ್ರಿಪ್ಪಿಗೆ ನಿನ್ನನ್ನು ಕಳಿಸುವ ಎದೆ ನನಗಿಲ್ಲ.

ನಿನ್ನ ಭಯ ನನಗೆ ಗೊತ್ತು. ಕಾಯಿಲೆ ಅಂತ ಹೆಸರಿಟ್ಟರೆ ಸ್ಟೀರಿಂಗ್ ಕಸಿದುಕೊಳ್ಳುತ್ತಾರೆ ಅಂತ ತಾನೆ? ಡಾಕ್ಟರನ್ನು ಅದನ್ನೇ ನೇರವಾಗಿ ಕೇಳಿದೆ. "ಚಿಕಿತ್ಸೆ ಶುರುವಾಗಿ ತೂಕಡಿಕೆ ಹೋಗೋ ತನಕ ಬಸ್ ಮುಟ್ಟಬಾರದು, ಅದು ಖಂಡಿತ. ಮಷೀನು ಸರಿಯಾಗಿ ಬಳಸಿ ಚೆನ್ನಾಗಿ ನಿದ್ದೆ ಮಾಡಿದ್ರೆ ಡಿಪೋಗೆ ನಾನೇ ಕಾಗದ ಬರೆದುಕೊಡ್ತೀನಿ. ಹಾಗೆ ವಾಪಸ್ ಹೋಗಿ ಓಡಿಸ್ತಿರೋ ಡ್ರೈವರ್‌ಗಳು ನನ್ನ ಹತ್ರ ಬರ್ತಾರೆ" ಅಂದರು. ಕೆಲವು ದಿನ ಮನೆಯಲ್ಲಿ ಕೂರಬೇಕಾಗಬಹುದು. ಕೂರು. ಪುಟ್ಟಿಗೆ ಲೆಕ್ಕ ಹೇಳಿಕೊಡು, ಹೆಂಡತಿಗೆ ತರಕಾರಿ ಹೆಚ್ಚಿಕೊಡು. ಕಾಯಿಲೆ ಇಲ್ಲ ಅಂತಾದರೆ ಅಕ್ಕ ಅನಾವಶ್ಯಕ ಗಲಾಟೆ ಮಾಡಿದಳು ಅಂತ ಜನ್ಮವಿಡೀ ರೇಗಿಸು, ಅದಕ್ಕೂ ನಾನು ತಯಾರು. ಇದ್ದರೂ ಹೆದರಬೇಡ. ಮೊದಲ ವಾರ ನೀನು ಮಾಸ್ಕು ಬಿಸಾಕುತ್ತೀಯ, ನನಗೆ ಗೊತ್ತು, ನಾನೂ ಬಿಸಾಕಿದ್ದೇನೆ. ಎತ್ತಿ ಕೈಗೆ ಕೊಡಲು ನಾನಿದ್ದೇನೆ. ಒಂದೇ ಗಂಟಲಿನ ಇಬ್ಬರು ನಾವು. ನನಗೆ ಒಗ್ಗಿದ್ದು ನಿನಗೆ ಒಗ್ಗದೆ ಎಲ್ಲಿಗೆ ಹೋಗುತ್ತದೆ?

ನಿನ್ನ ಹೆಂಡತಿಗೆ ನನ್ನ ನೆನಪುಗಳನ್ನು ಹೇಳು, ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಪರವಾಗಿ ಮುತ್ತು ಕೊಡು. ನಿನ್ನ ಭಾವ ಕೇಳಿದೆ ಅಂತ ಹೇಳಲು ಹೇಳಿದ್ದಾರೆ. ನಿನಗೆ ನನ್ನ ತುಂಬು ಆಶೀರ್ವಾದ, ಜೊತೆಗೆ ನೆತ್ತಿಗೊಂದು ಮೊಟಕು.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ತಾ.ಕ.: ಅಂಗಿಯ ಮಾತು ಬಾಕಿ ಉಳಿಯಿತು. ಕಾಲರಿನ ಹೊಲಿಗೆ ಬಿಚ್ಚಿ, ಎರಡೂ ಅಂಗಿಗಳನ್ನು ಮೇಜಿನ ಮೇಲೆ ಹರಡಿ ಅಳೆದೆ. ತೋಳು ನಾನು ಹೊಲಿದಷ್ಟೇ ಇದೆ, ಭುಜ ಅಷ್ಟೇ ಇದೆ, ಉದ್ದವೂ ಅಷ್ಟೇ. ಕಾಲರೂ ಅಷ್ಟೇ ಇದೆ. ಒಗೆದರೆ ಇಡೀ ಬಟ್ಟೆ ಕುಗ್ಗುತ್ತದೆ, ಕಾಲರೊಂದೇ ಕುಗ್ಗುವುದಿಲ್ಲ ತಮ್ಮಾ. ನಿನ್ನ ಆ ಮಾತನ್ನು ಬೇರೆ ಯಾವ ಟೈಲರಿಗೆ ಹೇಳಿದ್ದರೂ ನಂಬುತ್ತಿದ್ದರೇನೋ. ಪೊಟ್ಟಣದಲ್ಲಿರುವುದು ಅಂಗಿಯಲ್ಲ, ಗಾಳಿ ಮಷೀನು ಇಟ್ಟುಕೊಳ್ಳಲು ಚೀಲ, ನಿನ್ನ ಯೂನಿಫಾರ್ಮ್ ಹೊಲಿದು ಮಿಕ್ಕಿದ್ದ ಬಟ್ಟೆಯಲ್ಲೇ ಹೊಲಿದಿದ್ದೇನೆ, ಹೆಗಲಿಗೆ ಹಾಕಿಕೊಳ್ಳಬಹುದು. ಎರಡೂ ಅಂಗಿ ನನ್ನ ಅಂಗಡಿಯ ಮೊಳೆಗೆ ನೇತಾಡುತ್ತಿವೆ. ಯೂನಿಫಾರ್ಮ್ ಇಲ್ಲದವರನ್ನು ಡಿಪೋ ಗೇಟಿನೊಳಗೆ ಬಿಡುವುದಿಲ್ಲ ಅಂತ ನೀನೇ ಹೇಳಿದ್ದೀಯ. ಶುಕ್ರವಾರ ಸಂಜೆ ಆಸ್ಪತ್ರೆಯಲ್ಲಿ ನಿನ್ನ ಹೆಸರಿಗೆ ನಿದ್ದೆ ಪರೀಕ್ಷೆಯ ಮಂಚ ಹಿಡಿದಿಟ್ಟಿದ್ದೇನೆ. ಅಂಗಿ ಬೇಕಾದರೆ ಕುತ್ತಿಗೆ ಸಮೇತ ಬಾ.